‘ದೌ’ ಎಂದರೆ ನೀನು: ಹಳೆಯ ಇಂಗ್ಲಿಷ್ ಪದಗಳಿಗೆ ಕನ್ನಡದ ದಾರಿ

ಕಳೆದ ಮಳೆಗಾಲದ ಒಂದು ಸಂಜೆ, ಮಧುಗಿರಿ ಕಡೆಯ ಹಳ್ಳಿಯಿಂದ ಬಂದು ತುಮಕೂರಿನಲ್ಲಿ ಪದವಿ ಓದುತ್ತಿರುವ ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ಎರಡು ಕಾಗದಗಳನ್ನು ಇಟ್ಟಳು. ಒಂದು, ಅವಳ ಪಠ್ಯದಲ್ಲಿದ್ದ, ಸುಮಾರು 400 ವರ್ಷ ಹಳೆಯದಾದ ಇಂಗ್ಲಿಷ್ ಪದ್ಯ. ಇನ್ನೊಂದು, ಅವಳ ಅಣ್ಣ ಬಿ.ಎಚ್. ರಸ್ತೆಯಲ್ಲಿ ಮಳಿಗೆ ಹಿಡಿದಾಗ ಛಾಪಾಕಾಗದದ ಮೇಲೆ ಇಂಗ್ಲಿಷಿನಲ್ಲಿ ಮಾಡಿಕೊಂಡ 11 ತಿಂಗಳ ಬಾಡಿಗೆ ಕರಾರು. “ಮೇಡಂ, ಪದ್ಯ ಹಳೇದು, ಅದು ಅರ್ಥ ಆಗದಿದ್ರೆ ಒಪ್ಕೋತೀನಿ. ಹೋದ ತಿಂಗಳು ಬರೆಸಿದ ಕರಾರಿನಲ್ಲೂ ಅದೇ ಥರದ ಪದಗಳು ಯಾಕಿವೆ?” ಎಂದು ಕೇಳಿದಳು. ನಿಘಂಟನ್ನು ನೋಡಿದ್ದಳು. ಅದರಲ್ಲಿ ಹಳೆಯ ಪದದ ಎದುರಿಗೆ ಹೊಸ ಇಂಗ್ಲಿಷ್ ಪದವೊಂದಿತ್ತು. ಆದರೆ ಆ ಹೊಸ ಪದವನ್ನು ವಾಕ್ಯದಲ್ಲಿ ಇಟ್ಟು ಓದಿದರೆ ಏನೋ ಒಂದು ಕಳೆದುಹೋದಂತೆ ಅವಳಿಗೆ ಅನ್ನಿಸುತ್ತಿತ್ತು.

ಅವಳ ಅನಿಸಿಕೆ ಸರಿಯಾಗಿಯೇ ಇತ್ತು. ಹಳೆಯ ಇಂಗ್ಲಿಷ್ ಪದಗಳಲ್ಲಿದ್ದ ಎಷ್ಟೋ ಸೂಕ್ಷ್ಮಗಳನ್ನು ಇಂದಿನ ಇಂಗ್ಲಿಷ್ ಕೈಬಿಟ್ಟಿದೆ, ಆದ್ದರಿಂದ ಹೊಸ ಇಂಗ್ಲಿಷಿನ ಮೂಲಕ ಹಳೆಯದನ್ನು ವಿವರಿಸಹೊರಟರೆ ಆ ಸೂಕ್ಷ್ಮಗಳು ದಾರಿಯಲ್ಲೇ ಉದುರಿಹೋಗುತ್ತವೆ. ಆದರೆ ಇಂಗ್ಲಿಷ್ ಬಿಟ್ಟುಬಿಟ್ಟ ಆ ವ್ಯತ್ಯಾಸಗಳಲ್ಲಿ ಹೆಚ್ಚಿನವನ್ನು ಕನ್ನಡ ಇಂದಿಗೂ ದಿನಬಳಕೆಯಲ್ಲಿ ಉಳಿಸಿಕೊಂಡಿದೆ. ಹೀಗಾಗಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಹಳೆಯ ಇಂಗ್ಲಿಷ್ ಪದಗಳ ವಿಷಯದಲ್ಲಿ ಹಿಂಜರಿಕೆಗೆ ಕಾರಣವಿಲ್ಲ. ಅವುಗಳನ್ನು ತಿಳಿಯಲು ಬೇಕಾದ ಸಲಕರಣೆ ಅವಳ ಮನೆಮಾತಿನಲ್ಲೇ ಇದೆ ಎಂಬುದನ್ನು ತೋರಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಕಾಲದ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಲವು ವಿದ್ಯಾರ್ಥಿಗಳು ಶೇಕ್ಸ್‌ಪಿಯರನ ಭಾಷೆಯನ್ನು ‘ಓಲ್ಡ್ ಇಂಗ್ಲಿಷ್’ ಎಂದು ಕರೆಯುತ್ತಾರೆ. ಅದು ತಪ್ಪು. ಭಾಷಾ ಇತಿಹಾಸಕಾರರು ಆ ಹೆಸರಿನಿಂದ ಗುರುತಿಸುವುದು ಸುಮಾರು 5ನೆಯ ಶತಮಾನದಿಂದ 11ನೆಯ ಶತಮಾನದವರೆಗಿನ ಭಾಷೆಯನ್ನು. ಅದು ನಮ್ಮ ಹಲ್ಮಿಡಿ ಶಾಸನದ ಕಾಲದಿಂದ ಪಂಪ, ರನ್ನರ ಕಾಲದವರೆಗಿನ ಅವಧಿಗೆ ಸರಿಸುಮಾರು ಹೊಂದುತ್ತದೆ. ಪಂಪನ ಪದ್ಯವನ್ನು ಇಂದಿನ ಕನ್ನಡಿಗರು ಟಿಪ್ಪಣಿಯ ನೆರವಿನಿಂದ ಹೇಗೋ ಓದಿಯಾರು. ಆ ಕಾಲದ ಇಂಗ್ಲಿಷನ್ನಂತೂ ಇಂದಿನ ಇಂಗ್ಲಿಷರು ಬೇರೆಯದೇ ಭಾಷೆಯಂತೆ ಕಲಿಯಬೇಕಾಗುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಪದಗಳು ಹೇರಳವಾಗಿ ಸೇರಿ ನಡುಗಾಲದ ಇಂಗ್ಲಿಷ್ ರೂಪುಗೊಂಡಿತು. 1564ರಿಂದ 1616ರವರೆಗೆ ಬದುಕಿದ್ದ ಶೇಕ್ಸ್‌ಪಿಯರನದೂ, 1611ರಲ್ಲಿ ಅಚ್ಚಾದ ಜೇಮ್ಸ್ ದೊರೆಯ ಕಾಲದ ಬೈಬಲ್ ಅನುವಾದದ್ದೂ ಹೊಸ ಇಂಗ್ಲಿಷಿನ ಮೊದಲ ಘಟ್ಟದ ಭಾಷೆ. ನಮ್ಮ ವಿದ್ಯಾರ್ಥಿಗಳು ಎದುರಿಸುವ ‘ಹಳೆಯ’ ಪದಗಳೆಲ್ಲ ಬಹುಮಟ್ಟಿಗೆ ಈ ಘಟ್ಟದವು. ಹಳಗನ್ನಡಕ್ಕಿಂತ ನಡುಗನ್ನಡದ ಕೊನೆಯ ಭಾಗದ ಕೀರ್ತನೆ, ತತ್ತ್ವಪದಗಳನ್ನು ಓದಿದಷ್ಟೇ ಕಷ್ಟ ಅದರಲ್ಲಿದೆ, ಹೆಚ್ಚಲ್ಲ.

ಸರ್ವನಾಮಗಳಿಂದ ಆರಂಭಿಸೋಣ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಗೊಂದಲ ಅಲ್ಲಿದೆ. ‘ದೌ’ ಎಂದರೆ ನೀನು, ‘ದೀ’ ಎಂದರೆ ನಿನ್ನನ್ನು ಅಥವಾ ನಿನಗೆ, ‘ದೈ’ ಎಂದರೆ ನಿನ್ನ, ‘ದೈನ್’ ಎಂದರೆ ನಿನ್ನದು. ‘ಯೀ’ ಎಂದರೆ ನೀವು. ಆಗಿನ ‘ಯೂ’ ಎಂದರೆ ನಿಮ್ಮನ್ನು ಅಥವಾ ನಿಮಗೆ. ನಿಘಂಟು ‘ದೌ’ ಮತ್ತು ‘ಯೀ’ ಎರಡಕ್ಕೂ ‘ಯೂ’ ಎಂದೇ ಅರ್ಥ ಕೊಟ್ಟಾಗ ಏಕವಚನ, ಬಹುವಚನ, ವಿಭಕ್ತಿ ಮೂರೂ ಒಟ್ಟಿಗೆ ಅಳಿಸಿಹೋಗುತ್ತವೆ. ಅದೇ ಪದಗಳ ಎದುರಿಗೆ ಕನ್ನಡದ ನೀನು, ನಿನ್ನನ್ನು, ನಿನ್ನ, ನೀವು ಎಂದು ಬರೆದುಕೊಂಡರೆ ಯಾವುದೂ ನಷ್ಟವಾಗುವುದಿಲ್ಲ. ಸ್ವರದಿಂದ ಆರಂಭವಾಗುವ ಪದದ ಮುಂದೆ ‘ದೈ’ ಬದಲು ‘ದೈನ್’, ‘ಮೈ’ ಬದಲು ‘ಮೈನ್’ ಬರುವುದನ್ನೂ ಇಲ್ಲೇ ಗಮನಿಸಬೇಕು: ‘ಮೈನ್ ಐಸ್’ ಎಂದರೆ ನನ್ನ ಕಣ್ಣುಗಳು. ಎರಡು ಸ್ವರಗಳ ನಡುವೆ ಒಂದು ವ್ಯಂಜನ ಬಂದು ಉಚ್ಚಾರಣೆಯನ್ನು ಹಗುರ ಮಾಡುವ ಈ ರೀತಿ, ಆಗಮಸಂಧಿಯನ್ನು ಕಲಿತವರಿಗೆ ಹೊಸದಾಗಿ ತೋರಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದುದು ಗೌರವದ ಪ್ರಶ್ನೆ. ಚರ್ಚಿನ ಪ್ರಾರ್ಥನೆಯಲ್ಲಿ ದೇವರನ್ನು ‘ದೌ’ ಎಂದು ಕರೆಯುವುದನ್ನು ಕೇಳಿದ ವಿದ್ಯಾರ್ಥಿಗಳು ಅದು ‘ಯೂ’ಗಿಂತ ಹೆಚ್ಚು ಗೌರವದ ಪದವಿರಬೇಕು, ಬಹುಶಃ ನಮ್ಮ ‘ತಾವು’ ಇದ್ದಂತೆ, ಎಂದು ಊಹಿಸುತ್ತಾರೆ. ನಿಜಸ್ಥಿತಿ ಅದಕ್ಕೆ ತೀರ ವಿರುದ್ಧವಾಗಿದೆ. ಸುಮಾರು 13ನೆಯ ಶತಮಾನದಿಂದ, ಫ್ರೆಂಚಿನ ಪ್ರಭಾವದಿಂದ, ಇಂಗ್ಲಿಷರು ದೊಡ್ಡವರೊಬ್ಬರನ್ನೇ ಬಹುವಚನದಲ್ಲಿ ಮಾತನಾಡಿಸಲು ತೊಡಗಿದರು. ನಾವು ಹಿರಿಯರಿಗೆ ‘ನೀವು’ ಎನ್ನುವಂತೆಯೇ ಅದು. ‘ದೌ’ ಎಂಬುದು ಮಕ್ಕಳಿಗೆ, ಆಳುಗಳಿಗೆ, ಆಪ್ತರಿಗೆ ಉಳಿಯಿತು. ಅಪರಿಚಿತರಿಗೆ ‘ದೌ’ ಎಂದರೆ ಅವಮಾನವಾಗುತ್ತಿತ್ತು. 1603ರಲ್ಲಿ ಇಂಗ್ಲೆಂಡಿನ ಹೆಸರಾಂತ ಕಡಲಯಾನಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರದ ಪರ ವಾದಿಸುತ್ತಿದ್ದ ಎಡ್ವರ್ಡ್ ಕೋಕ್ ಅವನನ್ನು ದ್ರೋಹಿ ಎಂದು ಕರೆದು, ‘ದೌ’ ಎಂಬುದನ್ನೇ ಕ್ರಿಯಾಪದವಾಗಿಸಿ, ನಿನ್ನನ್ನು ನಾನು ‘ದೌ’ ಎಂದೇ ಕರೆಯುತ್ತೇನೆ ಎಂದು ಅಬ್ಬರಿಸಿದ. ಇಂದಿನ ಇಂಗ್ಲಿಷಿನಲ್ಲಿ ಈ ಮಾತಿನ ಪೆಟ್ಟನ್ನು ತಿಳಿಸಲು ಅರ್ಧ ಪುಟದ ಟಿಪ್ಪಣಿ ಬೇಕು. ಕನ್ನಡದಲ್ಲಿ ‘ಏಕವಚನದಲ್ಲಿ ಮಾತನಾಡಿಸಿದ’ ಎಂದರೆ ಸಾಕು. ತುಮಕೂರಿನ ಬಸ್ ನಿಲ್ದಾಣದಲ್ಲಿ ಜಗಳ ಕಂಡಿರುವ ಯಾರಿಗಾದರೂ ಅದು ತಟ್ಟನೆ ಅರ್ಥವಾಗುತ್ತದೆ.

ಹಾಗಾದರೆ ದೇವರಿಗೆ ‘ದೌ’ ಏಕೆ? ವಚನಕಾರರೂ ದಾಸರೂ ತಮ್ಮ ದೇವರನ್ನು ‘ನೀನು’ ಎಂದೇ ಕರೆದರು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ತಂದೆಗೆ ‘ನೀವು’ ಎನ್ನುವ ಮಕ್ಕಳು ತಾಯಿಗೆ ‘ನೀನು’ ಎನ್ನುತ್ತಾರೆ. ಅತ್ಯಂತ ಹತ್ತಿರದವರಿಗೆ ಗೌರವದ ಬಹುವಚನ ಅಡ್ಡಗೋಡೆಯಾಗುತ್ತದೆ. ಇಂಗ್ಲಿಷ್ ಪ್ರಾರ್ಥನೆಯ ‘ದೌ’ ಪದವನ್ನು ಕೇಳುವಾಗ ಈ ಆಪ್ತತೆಯನ್ನು ನೆನೆಯುವುದು ತಪ್ಪಲ್ಲ. ಆದರೆ 1611ರ ಬೈಬಲಿನ ಮಟ್ಟಿಗೆ ಇನ್ನೊಂದು ಸರಳ ಕಾರಣವಿದೆ: ಮೂಲದ ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಏಕವಚನವಿದ್ದ ಕಡೆಯಲ್ಲೆಲ್ಲ ಅನುವಾದಕರು ‘ದೌ’ ಬಳಸಿದರು, ಬಹುವಚನವಿದ್ದಲ್ಲಿ ‘ಯೀ’ ಬಳಸಿದರು. ಅಲ್ಲಿ ದೇವರಿಗೂ ‘ದೌ’, ಅರಸನಿಗೂ ‘ದೌ’, ಕಳ್ಳನಿಗೂ ‘ದೌ’. ನಾಟಕದಲ್ಲಿ ಈ ಪದ ಬಂದರೆ ಮಾತನಾಡುವವರ ನಡುವಿನ ಸಂಬಂಧವನ್ನು ಹುಡುಕಬೇಕು. ಬೈಬಲಿನಲ್ಲಿ ಬಂದರೆ ವಚನವನ್ನಷ್ಟೇ ನೋಡಬೇಕು. 17ನೆಯ ಶತಮಾನದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಎಲ್ಲರೂ ಸಮಾನರೆಂಬ ನಂಬಿಕೆಯಿಂದ ನ್ಯಾಯಾಧೀಶರನ್ನೂ ‘ದೌ’ ಎಂದೇ ಮಾತನಾಡಿಸಿ ಹೊಡೆತವನ್ನೂ ಸೆರೆವಾಸವನ್ನೂ ಅನುಭವಿಸಿದರು. ಅದೇ ಶತಮಾನದಲ್ಲಿ ಸಾಮಾನ್ಯ ಜನ ಬೇರೆ ದಾರಿ ಹಿಡಿದು ಎಲ್ಲರಿಗೂ ‘ಯೂ’ ಎಂದರು, ಮತ್ತು ‘ದೌ’ ಶಿಷ್ಟ ಭಾಷೆಯಿಂದ ಮರೆಯಾಯಿತು. ಇಂದಿನ ಇಂಗ್ಲಿಷ್ ಎಂದರೆ ಎಲ್ಲರೂ ಎಲ್ಲರಿಗೂ, ಹಸುಗೂಸಿಗೂ ಸಹ, ‘ನೀವು’ ಎನ್ನುವ ಊರಿದ್ದಂತೆ.

‘ಯೀ’ ಪದದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೋಟೆಲು, ಅಂಗಡಿಗಳ ಫಲಕಗಳಲ್ಲಿ ಹಳೆಯ ಕಾಲದ ಸೊಗಸು ತೋರಿಸಲೆಂದು ‘ಯೀ ಓಲ್ಡ್’ ಎಂದು ಬರೆಯುವುದುಂಟು. ಅಲ್ಲಿರುವುದು ‘ನೀವು’ ಅಲ್ಲವೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಥಾರ್ನ್’ ಎಂಬ ಅಕ್ಷರವಿತ್ತು, ಅದು ಇಂದಿನ ಟಿ ಮತ್ತು ಎಚ್ ಸೇರಿ ಕೊಡುವ ಧ್ವನಿಯನ್ನು ಸೂಚಿಸುತ್ತಿತ್ತು. ಕೈಬರಹದಲ್ಲಿ ಅದರ ರೂಪ ವೈ ಅಕ್ಷರಕ್ಕೆ ಹತ್ತಿರವಾಗಿ, ಮುದ್ರಕರು ವೈ ಅಚ್ಚನ್ನೇ ಬಳಸಿದರು. ಆದ್ದರಿಂದ ಅದನ್ನು ‘ದ’ ಎಂದೇ ಓದಬೇಕು. ಕನ್ನಡದಲ್ಲೂ ಱ ಮತ್ತು ೞ ಎಂಬ ಎರಡು ಅಕ್ಷರಗಳು ಬಳಕೆಯಿಂದ ಹೋಗಿವೆ. ನಮ್ಮ ಸುತ್ತಮುತ್ತಲಿನ ವೀರಗಲ್ಲುಗಳ ಮೇಲೆ ೞ ಕಂಡವರು ಅದನ್ನು ಬೇರೆ ಯಾವುದೋ ಅಕ್ಷರವೆಂದು ಓದಿ ತಪ್ಪುವುದು ಎಷ್ಟು ಸಹಜವೋ, ‘ಯೀ ಓಲ್ಡ್’ ಕೂಡ ಅಷ್ಟೇ ಸಹಜವಾದ ತಪ್ಪು.

ಕ್ರಿಯಾಪದಗಳ ಕಡೆಗೆ ಬರೋಣ. ‘ದೌ’ ಬಂದ ಕಡೆ ಕ್ರಿಯಾಪದದ ಕೊನೆಯಲ್ಲಿ ‘ಎಸ್ಟ್’ ಅಥವಾ ಬರಿಯ ‘ಟಿ’ ಬರುತ್ತದೆ: ‘ದೌ ಹ್ಯಾಸ್ಟ್’, ‘ದೌ ಆರ್ಟ್’, ‘ದೌ ಶಾಲ್ಟ್’. ಅವನು, ಅವಳು, ಅದು ಎಂಬವುಗಳ ಜೊತೆ ‘ಎಥ್’ ಬರುತ್ತದೆ: ‘ಹೀ ಹ್ಯಾಥ್’, ‘ಶೀ ಡಥ್’, ‘ಇಟ್ ಕಮೆಥ್’. ಇದನ್ನು ಕಂಡು ಇಂಗ್ಲಿಷರ ಮಕ್ಕಳೇ ಕಂಗೆಡುತ್ತಾರೆ. ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ ಎಂದು ದಿನವೂ ಹೇಳುವ ನಮಗೆ ಕಂಗೆಡುವುದಕ್ಕೆ ಕಾರಣವಿಲ್ಲ. ಹಾಸ್ಯಕ್ಕೋ ಜಾಹೀರಾತಿಗೋ ‘ಐ ಗೋಎಥ್’ ಎಂದು ಬರೆದಿರುವುದನ್ನು ಕಂಡರೆ, ಅದು ‘ನಾನು ಹೋಗುತ್ತಾನೆ’ ಎಂಬಷ್ಟೇ ತಪ್ಪು ಎಂದು ತಿಳಿಯಬೇಕು. ಪ್ರತ್ಯಯವೇ ಕರ್ತೃವನ್ನು ಸೂಚಿಸುವುದರಿಂದ ಕನ್ನಡದಲ್ಲಿ ನಾವು ‘ಬಂದೆಯಾ?’ ಎಂದು ಸರ್ವನಾಮವನ್ನು ಬಿಟ್ಟು ಕೇಳುತ್ತೇವೆ. ಹಳೆಯ ಇಂಗ್ಲಿಷ್ ನಾಟಕಗಳಲ್ಲೂ ‘ಡಸ್ಟ್ ಹಿಯರ್?’ ಎಂದು, ‘ದೌ’ ಇಲ್ಲದೆಯೇ, ‘ಕೇಳಿಸಿತೇ?’ ಎಂಬ ಪ್ರಶ್ನೆ ಬರುತ್ತದೆ.

ನನಗೆ ಅತ್ಯಂತ ಸಂತೋಷ ಕೊಡುವ ಭಾಗ ಇನ್ನು ಮುಂದಿನದು. ಕನ್ನಡದಲ್ಲಿ ಹತ್ತಿರದ್ದಕ್ಕೆ ಇಕಾರ, ದೂರದ್ದಕ್ಕೆ ಅಕಾರ, ಪ್ರಶ್ನೆಗೆ ಎಕಾರ: ಇಲ್ಲಿ, ಅಲ್ಲಿ, ಎಲ್ಲಿ, ಇತ್ತ, ಅತ್ತ, ಎತ್ತ, ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಇಂಗ್ಲಿಷಿನಲ್ಲೂ ಹೀಗೆಯೇ ಮೂರು ಮೊದಲಕ್ಷರಗಳ ಏರ್ಪಾಡಿದೆ. ‘ಹಿಯರ್’ ಇಲ್ಲಿ, ‘ದೇರ್’ ಅಲ್ಲಿ, ‘ವೇರ್’ ಎಲ್ಲಿ. ಇಂದಿನ ಇಂಗ್ಲಿಷಿನ ದಿನದ ಮಾತಿನಲ್ಲಿ ಇಷ್ಟೇ ಉಳಿದಿದೆ. ಹಳೆಯದರಲ್ಲಿ ಪೂರ್ತಿ ಸಾಲು ಇತ್ತು: ‘ಹಿದರ್’ ಎಂದರೆ ಇತ್ತ, ‘ದಿದರ್’ ಎಂದರೆ ಅತ್ತ, ‘ವಿದರ್’ ಎಂದರೆ ಎತ್ತ; ‘ಹೆನ್ಸ್’ ಎಂದರೆ ಇಲ್ಲಿಂದ, ‘ದೆನ್ಸ್’ ಎಂದರೆ ಅಲ್ಲಿಂದ, ‘ವೆನ್ಸ್’ ಎಂದರೆ ಎಲ್ಲಿಂದ. ‘ಹಿದರ್ ಅಂಡ್ ದಿದರ್’ ಎಂಬುದಕ್ಕೆ ‘ಅತ್ತಿತ್ತ’ ಎನ್ನುವುದಕ್ಕಿಂತ ಒಳ್ಳೆಯ ಅನುವಾದ ಯಾವ ಭಾಷೆಯಲ್ಲೂ ಸಿಗಲಾರದು ಎಂದು ನನ್ನ ನಂಬಿಕೆ. ‘ವೆನ್ಸ್’ ಪದದೊಳಗೇ ‘ಇಂದ’ ಅಡಗಿರುವುದರಿಂದ ಅದರ ಹಿಂದೆ ‘ಫ್ರಮ್’ ಸೇರಿಸುವುದು ‘ಎಲ್ಲಿಂದದಿಂದ’ ಎಂದಂತಾಗುತ್ತದೆ ಎಂದು ವ್ಯಾಕರಣಕಾರರು ಆಕ್ಷೇಪಿಸುತ್ತಾರೆ. ಆದರೂ 1611ರ ಬೈಬಲಿನಲ್ಲೇ ಹಾಗೆ ಬಳಸಿರುವುದರಿಂದ ಓದುವಾಗ ಅದನ್ನು ಅಚ್ಚಿನ ತಪ್ಪೆಂದು ತಿಳಿಯಬಾರದು.

‘ಹೆನ್ಸ್’ ಇಂದು ‘ಆದ್ದರಿಂದ’ ಎಂಬ ಅರ್ಥದಲ್ಲಿ ಉಳಿದಿದೆ. ಸ್ಥಳದ ‘ಇಂದ’ ಕಾರಣದ ‘ಇಂದ’ ಆಗುವುದು ನಮ್ಮ ಭಾಷೆಯಲ್ಲೂ ಸಾಮಾನ್ಯ: ‘ಮನೆಯಿಂದ ಬಂದೆ’ ಎನ್ನುವಾಗಲೂ ‘ಮಳೆಯಿಂದ ಹಾಳಾಯಿತು’ ಎನ್ನುವಾಗಲೂ ಪ್ರತ್ಯಯ ಒಂದೇ. ಹಾಗೆಯೇ ‘ದೇರ್‌ಫೋರ್’ ಎಂದರೆ ‘ಅದಕ್ಕೆ’, ‘ವೇರ್‌ಫೋರ್’ ಎಂದರೆ ‘ಯಾತಕ್ಕೆ’. ಈ ಎರಡನೆಯ ಪದದ ಬಗ್ಗೆ ಪ್ರಪಂಚದಾದ್ಯಂತ ಒಂದು ತಪ್ಪು ತಿಳಿವಳಿಕೆಯಿದೆ. ಶೇಕ್ಸ್‌ಪಿಯರನ ನಾಟಕದಲ್ಲಿ ಜೂಲಿಯೆಟ್ ಉಪ್ಪರಿಗೆಯಿಂದ ‘ವೇರ್‌ಫೋರ್ ಆರ್ಟ್ ದೌ ರೋಮಿಯೋ’ ಎಂದಾಗ ಅವಳು ಅವನನ್ನು ಎಲ್ಲಿದ್ದೀಯೆ ಎಂದು ಹುಡುಕುತ್ತಿದ್ದಾಳೆ ಎಂದು ಬಹಳ ಜನ ಭಾವಿಸುತ್ತಾರೆ. ಅವಳು ಕೇಳುತ್ತಿರುವುದು, ನೀನು ಯಾತಕ್ಕೆ ರೋಮಿಯೋ ಆದೆ ಎಂದು. ಶತ್ರುಗಳ ಮನೆಯಲ್ಲಿ ಏಕೆ ಹುಟ್ಟಿದೆ, ಆ ಹೆಸರನ್ನು ಏಕೆ ಹೊತ್ತೆ ಎಂಬುದು ಅವಳ ಸಂಕಟ. ‘ಯಾತಕ್ಕೆ’ ಎಂಬ ನಮ್ಮೂರಿನ ಪದವನ್ನು ಅಲ್ಲಿಟ್ಟು ಓದಿದಾಗ ನನ್ನ ಬಳಿ ಬಂದ ಮಧುಗಿರಿಯ ಹುಡುಗಿಗೆ ಇಡೀ ದೃಶ್ಯ ಹೊಳೆಯಿತು.

‘ಮಿಥಿಂಕ್ಸ್’ ಎಂಬ ಪದವನ್ನು ಕೆಲವು ನಿಘಂಟುಗಳು ‘ಐ ಥಿಂಕ್’ ಎಂದು ಬಿಡಿಸುತ್ತವೆ. ಹಾಗಿದ್ದರೆ ‘ಐ’ ಇರಬೇಕಾದಲ್ಲಿ ‘ಮೀ’ ಏಕಿದೆ, ಕೊನೆಯಲ್ಲಿ ‘ಎಸ್’ ಏಕಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅತಿ ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಮೊದಲು ಹೇಳಿದ ‘ಓಲ್ಡ್ ಇಂಗ್ಲಿಷ್’ನಲ್ಲಿ, ಹತ್ತಿರ ಹತ್ತಿರ ಕೇಳಿಸುವ ಎರಡು ಕ್ರಿಯಾಪದಗಳಿದ್ದವು, ಒಂದಕ್ಕೆ ಆಲೋಚಿಸು ಎಂಬ ಅರ್ಥ, ಇನ್ನೊಂದಕ್ಕೆ ತೋರು, ಅನ್ನಿಸು ಎಂಬ ಅರ್ಥ. ಕಾಲಕ್ರಮದಲ್ಲಿ ಎರಡರ ಉಚ್ಚಾರಣೆಯೂ ಒಂದಾಯಿತು. ‘ಮಿಥಿಂಕ್ಸ್’ ಪದದಲ್ಲಿರುವುದು ಎರಡನೆಯದು. ಅದರ ಅರ್ಥ ‘ನಾನು ಯೋಚಿಸುತ್ತೇನೆ’ ಎಂದಲ್ಲ, ‘ನನಗೆ ಅನ್ನಿಸುತ್ತದೆ’ ಎಂದು. ‘ಮೀ’ ಎಂದರೆ ನನಗೆ. ‘ಥಿಂಕ್ಸ್’ ಎಂದರೆ ಅನ್ನಿಸುತ್ತದೆ. ಒಂದೊಂದು ತುಂಡೂ ಕನ್ನಡದ ಒಂದೊಂದು ತುಂಡಿಗೆ, ಅದೇ ಕ್ರಮದಲ್ಲಿ, ಹೊಂದುತ್ತದೆ.

ಇದು ಒಂದೇ ಪದದ ಮಾತಲ್ಲ. ನನಗೆ ಹಸಿವಾಗಿದೆ, ನನಗೆ ಇಷ್ಟ, ನನಗೆ ಗೊತ್ತು ಎಂದು ಅನುಭವವನ್ನು ಚತುರ್ಥಿಯಲ್ಲಿ ಹೇಳುವುದು ಕನ್ನಡದ ಸ್ವಭಾವ. ಅಲ್ಲಿ ವ್ಯಕ್ತಿ ಕೆಲಸ ಮಾಡುವವನಲ್ಲ, ಅನುಭವ ಅವನ ಬಳಿಗೆ ಬರುತ್ತದೆ. ಹಳೆಯ ಇಂಗ್ಲಿಷಿನಲ್ಲೂ ಈ ರಚನೆ ಧಾರಾಳವಾಗಿತ್ತು. ‘ಇಟ್ ಲೈಕ್ಸ್ ಮೀ’ ಎಂದರೆ ‘ಅದು ನನಗೆ ಹಿಡಿಸುತ್ತದೆ’. ಇಂದಿನ ವಿದ್ಯಾರ್ಥಿ ಇದನ್ನು ‘ಅದು ನನ್ನನ್ನು ಇಷ್ಟಪಡುತ್ತದೆ’ ಎಂದು ತಲೆಕೆಳಗಾಗಿ ಓದುತ್ತಾನೆ. ‘ಇಫ್ ಯೂ ಪ್ಲೀಸ್’ ಎಂಬುದರ ಹಿಂದಿನ ರೂಪ ‘ಇಫ್ ಇಟ್ ಪ್ಲೀಸ್ ಯೂ’, ಅಂದರೆ ‘ನಿಮಗೆ ಇಷ್ಟವಾದರೆ’. ‘ವೋ ಈಸ್ ಮೀ’ ಎಂದರೆ ನಾನೇ ದುಃಖ ಎಂದಲ್ಲ, ನನಗೆ ದುಃಖ ಬಂದಿದೆ ಎಂದು. ಈ ಒಂದು ಸೂತ್ರ ಕೈಗೆ ಸಿಕ್ಕಿದರೆ ಹತ್ತಾರು ಪದ್ಯಗಳ ಸಾಲುಗಳು ಬಿಡಿಸಿಕೊಳ್ಳುತ್ತವೆ. ‘ಗಾಡ್ ಸೇವ್ ದ ಕಿಂಗ್’ ಎಂಬಲ್ಲಿ ‘ಸೇವ್ಸ್’ ಏಕಿಲ್ಲ ಎಂದು ಕೇಳುವವರಿಗೂ ಕನ್ನಡದ ‘ಅಲಿ’ ಪ್ರತ್ಯಯವೇ ಉತ್ತರ: ದೇವರು ಕಾಪಾಡುತ್ತಾನೆ ಎಂಬ ಹೇಳಿಕೆಯಲ್ಲ ಅದು, ಕಾಪಾಡಲಿ ಎಂಬ ಹಾರೈಕೆ.

ಇಷ್ಟರವರೆಗಿನ ಪದಗಳು ನೋಡಿದ ಕೂಡಲೇ ಅಪರಿಚಿತವೆಂದು ಗೊತ್ತಾಗುತ್ತವೆ, ಆದ್ದರಿಂದ ಅವು ಅಪಾಯಕಾರಿಯಲ್ಲ. ಪರಿಚಿತ ಮುಖ ಹೊತ್ತು ಬೇರೆ ಅರ್ಥ ಕೊಡುವ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ‘ಮೀಟ್’ ಎಂದರೆ ಮೊದಲು ಮಾಂಸವಲ್ಲ, ಯಾವುದೇ ಆಹಾರ. 1611ರ ಬೈಬಲಿನಲ್ಲಿ ‘ಮೀಟ್ ಆಫರಿಂಗ್’ ಎಂದು ಬರುವ ನೈವೇದ್ಯ ಹಿಟ್ಟು, ಎಣ್ಣೆಗಳದ್ದು. ಸಿಹಿತಿಂಡಿಗೆ ‘ಸ್ವೀಟ್‌ಮೀಟ್’ ಎನ್ನುವುದರಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ‘ಡಿಯರ್’ ಎಂದು ಇಂದು ಜಿಂಕೆಗೆ ಹೇಳುವ ಪದ ಹಿಂದೆ ಯಾವುದೇ ಕಾಡುಪ್ರಾಣಿಗೆ ಸಲ್ಲುತ್ತಿತ್ತು. ‘ಮೃಗ’ ಎಂಬುದು ಮೃಗಾಲಯದಲ್ಲಿ ಎಲ್ಲ ಪ್ರಾಣಿಗಳನ್ನೂ ಒಳಗೊಂಡು, ಮೃಗನಯನಿಯಲ್ಲಿ ಜಿಂಕೆ ಮಾತ್ರವಾಗುವುದನ್ನು ಬಲ್ಲವರಿಗೆ ಇದು ವಿಚಿತ್ರವಲ್ಲ. ‘ಸಿಲ್ಲಿ’ ಎಂಬ ಪದ ಧನ್ಯ, ಪುಣ್ಯವಂತ ಎಂಬ ಅರ್ಥದಿಂದ ಹೊರಟು, ಮುಗ್ಧ, ಪಾಪದವನು ಎಂಬ ಹಂತಗಳನ್ನು ದಾಟಿ, ಕೊನೆಗೆ ಮೂರ್ಖ ಎಂಬಲ್ಲಿಗೆ ಮುಟ್ಟಿತು. ‘ಪ್ರೆಸೆಂಟ್ಲಿ’ ಎಂದರೆ ಶೇಕ್ಸ್‌ಪಿಯರನ ಕಾಲದಲ್ಲಿ ತಕ್ಷಣ. ಮುಂದೆ ಅದು ಸ್ವಲ್ಪ ಹೊತ್ತಿನಲ್ಲಿ ಎಂದು ಸಡಿಲವಾಯಿತು. ‘ಇಗೋ ಬಂದೆ’ ಎಂದವರು ಎಷ್ಟು ಹೊತ್ತಿಗೆ ಬರುತ್ತಾರೆಂದು ನೆನೆದರೆ ಆ ಸಡಿಲಿಕೆಗೆ ಕಾರಣ ತಿಳಿಯುತ್ತದೆ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಇಂಗ್ಲಿಷ್ ಪತ್ರಿಕೆಗಳು ಅವರನ್ನು ‘ಮಿಡ್‌ವೈಫ್’ ಎಂದು ಬರೆದವು. ಇದರಲ್ಲಿ ‘ವೈಫ್’, ಅಂದರೆ ಹೆಂಡತಿ, ಎಲ್ಲಿಂದ ಬಂತು ಎಂದು ನನ್ನ ಬಳಿ ಕಲಿಯುವ ಮಕ್ಕಳು ಕೇಳಿದ್ದರು. ಹಿಂದೆ ‘ವೈಫ್’ ಎಂದರೆ ಬರಿಯ ಹೆಂಗಸು. ‘ಮಿಡ್’ ಎಂದರೆ ಜೊತೆಗೆ. ಹೆರುವ ಹೆಂಗಸಿನ ಜೊತೆಗಿರುವವಳು ಎಂಬುದು ಆ ಪದದ ಅರ್ಥ. ಸಾವಿರಾರು ಬಾಣಂತಿಯರ ಪಕ್ಕದಲ್ಲಿ ಕುಳಿತ ಆ ತಾಯಿಯ ಕೆಲಸವನ್ನು ಇದಕ್ಕಿಂತ ನೇರವಾಗಿ ಹೇಳುವ ಪದವಿಲ್ಲ.

‘ಲೆಟ್’ ಪದದ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಭಾರತದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಗಳ ಹೆಸರಿನಲ್ಲಿ ಅಚ್ಚಾಗಿರುವ ಕೋರಿಕೆಯಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಎಂಬ ಮಾತಿದೆ. ‘ಲೆಟ್’ ಎಂದರೆ ಬಿಡು ಎಂದಷ್ಟೇ ತಿಳಿದವರಿಗೆ, ಪಾಸ್‌ಪೋರ್ಟು ಹೊಂದಿರುವವರನ್ನು ‘ಬಿಡದೆ’ ಎಂಬ ವಿಪರೀತ ಅರ್ಥ ತೋರುತ್ತದೆ. ವಾಸ್ತವವಾಗಿ ಬಿಡು ಎಂಬ ಅರ್ಥದ ಪದವೂ, ತಡೆ ಎಂಬ ಅರ್ಥದ ಪದವೂ ಬೇರೆ ಬೇರೆಯಾಗಿದ್ದು, ಉಚ್ಚಾರಣೆ ಒಂದಾದ ಮೇಲೆ ಎರಡನೆಯದು ಸೋತು ಮರೆಯಾಯಿತು. ಪಾಸ್‌ಪೋರ್ಟಿನಲ್ಲಿರುವುದು ಆ ಸೋತ ಪದ: ತಡೆಯಾಗಲಿ ಅಡ್ಡಿಯಾಗಲಿ ಇಲ್ಲದೆ ಹೋಗಗೊಡಬೇಕು ಎಂದು ಅದರ ಅರ್ಥ. ಟೆನಿಸ್ ಆಟದಲ್ಲಿ ಸರ್ವೀಸಿನ ಚೆಂಡು ಬಲೆಗೆ ತಾಗಿದಾಗ ಕೂಗುವ ‘ಲೆಟ್’ ಕೂಡ ಇದೇ.

ಹಳೆಯ ಇಂಗ್ಲಿಷ್ ಪದಗಳು ಪುಸ್ತಕದಲ್ಲಿ ಮಾತ್ರ ಇವೆ ಎಂದು ತಿಳಿಯುವುದೂ ಸರಿಯಲ್ಲ. ಕೊರಟಗೆರೆ, ಶಿರಾ, ಗುಬ್ಬಿಯ ಹಳ್ಳಿಗಳಲ್ಲಿ ಇಂಗ್ಲಿಷ್ ಓದದ ಹಿರಿಯರು ‘ಇನ್ನೆರಡು ಫರ್ಲಾಂಗು ನಡೀರಿ’ ಎಂದು ದಾರಿ ಹೇಳುತ್ತಾರೆ. ‘ಫರ್ಲಾಂಗ್’ ಎಂದರೆ ಉಳುಮೆಯ ಒಂದು ಸಾಲಿನ ಉದ್ದ. ಅದು 220 ಗಜ, ಅಂದರೆ ಸುಮಾರು 201 ಮೀಟರ್, ಒಂದು ಮೈಲಿಯ ಎಂಟನೆಯ ಒಂದು ಭಾಗ. ‘ಎಕರೆ’ ಎಂಬ ಪದಕ್ಕೆ ಮೊದಲು ಹೊಲ ಎಂದಷ್ಟೇ ಅರ್ಥವಿದ್ದು, ಮುಂದೆ ಒಂದು ಜೊತೆ ಎತ್ತು ಒಂದು ದಿನದಲ್ಲಿ ಉಳಬಹುದಾದ ನೆಲದ ಅಳತೆಯಾಯಿತು: ಒಂದು ಫರ್ಲಾಂಗು ಉದ್ದ, 22 ಗಜ ಅಗಲ. ನಮ್ಮ 40 ಗುಂಟೆಯ ಲೆಕ್ಕ ಅದೇ 4,840 ಚದರ ಗಜಕ್ಕೆ ಸರಿಹೊಂದುತ್ತದೆ. ಇಂಗ್ಲೆಂಡಿನಲ್ಲಿ ಫರ್ಲಾಂಗು ಕುದುರೆ ಓಟದ ಮೈದಾನಕ್ಕೆ ಸೀಮಿತವಾಗಿದ್ದರೆ ಇಲ್ಲಿ ಅದು ನೇಗಿಲಿನ ನಾಡಿನಲ್ಲೇ ಉಳಿಯಿತು. ‘ಫೋರ್ಟ್‌ನೈಟ್’ ಎಂದರೆ 14 ರಾತ್ರಿಗಳು. ‘ಪಾಕ್ಷಿಕ’ ಎಂಬ ಪದವಿರುವ ನಮಗೆ ಅದು ತೊಡಕಲ್ಲ, ಆದರೆ ಅಮೆರಿಕದವರಿಗೆ ಅದು ಮುದುಕರ ಮಾತಿನಂತೆ ಕೇಳುತ್ತದೆ. ‘ಥ್ರೈಸ್’, ‘ಡೂ ದ ನೀಡ್‌ಫುಲ್’ ಮುಂತಾದವು ಕೂಡ ಅಲ್ಲಿ ಹಳತಾಗಿ ಇಲ್ಲಿ ಜೀವಂತವಾಗಿವೆ. ಇವನ್ನು ಬಳಸಿದವರನ್ನು ತಪ್ಪಿತಸ್ಥರಂತೆ ತಿದ್ದುವುದನ್ನು ನಾನು ಒಪ್ಪುವುದಿಲ್ಲ. ಎಲ್ಲಿಯ ಓದುಗರಿಗೆ ಬರೆಯುತ್ತಿದ್ದೇವೆ ಎಂಬ ಅರಿವಿದ್ದರೆ ಸಾಕು. ‘ದೌ’, ‘ಹ್ಯಾಥ್’ಗಳ ವಿಷಯ ಬೇರೆ. ಅವುಗಳನ್ನು ಓದಿ ತಿಳಿಯಬೇಕೇ ಹೊರತು ಇಂದಿನ ಬರವಣಿಗೆಯಲ್ಲಿ ಬಳಸಬಾರದು. ರಜೆಯ ಅರ್ಜಿಯನ್ನು ಹಳಗನ್ನಡದಲ್ಲಿ ಬರೆದರೆ ಹೇಗಿರುತ್ತದೆಯೋ ಹಾಗೆ ಅದು.

ಈಗ ಆ ಬಾಡಿಗೆ ಕರಾರು. ನ್ಯಾಯಾಲಯಗಳು ಒಮ್ಮೆ ಒಂದು ಪದಕ್ಕೆ ಅರ್ಥ ನಿರ್ಣಯಿಸಿದ ಮೇಲೆ ಅದನ್ನು ಬದಲಿಸಿದರೆ ಹೊಸ ವ್ಯಾಜ್ಯಕ್ಕೆ ಎಡೆಯಾದೀತೆಂಬ ಅಂಜಿಕೆಯಿಂದ ಪತ್ರ ಬರೆಯುವವರು ಹಳೆಯ ಪದಗಳನ್ನೇ ಉಳಿಸಿಕೊಳ್ಳುತ್ತಾರೆ. ಕನ್ನಡದ ಕ್ರಯಪತ್ರದಲ್ಲೂ ‘ಸದರಿ’, ‘ಚಕ್ಕುಬಂದಿ’, ‘ನಿಧಿ ನಿಕ್ಷೇಪ’ ಎಂಬವು ಇದೇ ಕಾರಣಕ್ಕೆ ಉಳಿದಿವೆ. ಇಂಗ್ಲಿಷ್ ಪತ್ರದ ‘ದಿಸ್ ಡೀಡ್ ವಿಟ್ನೆಸೆಥ್’ ಎಂಬುದರಲ್ಲಿ ಆ ಹಳೆಯ ‘ಎಥ್’ ಪ್ರತ್ಯಯ ಇನ್ನೂ ಉಸಿರಾಡುತ್ತಿದೆ. ‘ಈ ಪತ್ರ ಸಾಕ್ಷಿ ನುಡಿಯುತ್ತದೆ’ ಎಂದು ಅದರ ಅರ್ಥ, ‘ಕ್ರಯಪತ್ರದ ಕ್ರಮವೇನೆಂದರೆ’ ಎಂಬ ನಮ್ಮ ಆರಂಭದ ಸ್ಥಾನದಲ್ಲಿ ಅದು ನಿಲ್ಲುತ್ತದೆ. ‘ವಿಲ್ ಅಂಡ್ ಟೆಸ್ಟಮೆಂಟ್’, ‘ಗೂಡ್ಸ್ ಅಂಡ್ ಚಾಟೆಲ್ಸ್’ ಎಂದು ಒಂದೇ ವಿಷಯಕ್ಕೆ ಎರಡೆರಡು ಪದ ಬರುವುದು 1066ರ ನಂತರ ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್ ಮೂರೂ ನಡೆಯುತ್ತಿದ್ದ ಕಾಲದ ಗುರುತು. ಸಂಸ್ಕೃತದ ‘ರೀತಿ’ಗೆ ಹೊರಗಿನ ‘ರಿವಾಜು’ ಜೋಡಿಸಿ ‘ರೀತಿರಿವಾಜು’ ಎಂದ ನಮಗೆ ಅದರ ತರ್ಕ ಗೊತ್ತು.

‘ಹಿಯರ್‌ಬೈ’, ‘ಹಿಯರಿನ್’, ‘ದೇರಿನ್’, ‘ಹಿಯರಿನ್‌ಆಫ್ಟರ್’ ಪದಗಳಂತೂ ಕನ್ನಡದ ಅಚ್ಚಿನಲ್ಲೇ ಎರಕ ಹೊಯ್ದಂತಿವೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಬೈ ದಿಸ್’, ‘ಇನ್ ದಿಸ್’ ಎಂದು ಸಂಬಂಧಸೂಚಕ ಮೊದಲು ಬರುತ್ತದೆ. ಈ ಹಳೆಯ ಪದಗಳಲ್ಲಿ ಮಾತ್ರ ಅದು ಹಿಂದೆ ಬರುತ್ತದೆ, ನಮ್ಮ ವಿಭಕ್ತಿ ಪ್ರತ್ಯಯದಂತೆ: ಇದರ-ಇಂದ, ಇದರ-ಅಲ್ಲಿ, ಅದರ-ಅಲ್ಲಿ, ಇದರಲ್ಲಿ-ಮುಂದೆ. ಹುಡುಗಿ ಇವನ್ನು ಯಾರ ನೆರವೂ ಇಲ್ಲದೆ ಬಿಡಿಸಿದಳು.

ಅವಳು ತಡೆದು ನಿಂತದ್ದು 9ನೆಯ ಷರತ್ತಿನ ಮೊದಲ ಪದದ ಮುಂದೆ: ‘ನಾಟ್‌ವಿತ್‌ಸ್ಟ್ಯಾಂಡಿಂಗ್’. ‘ವಿತ್’ ಎಂಬುದಕ್ಕೆ ಅತಿ ಹಳೆಯ ಇಂಗ್ಲಿಷಿನಲ್ಲಿ ಜೊತೆಗೆ ಎಂಬುದಕ್ಕಿಂತ ಎದುರಾಗಿ ಎಂಬ ಅರ್ಥವೇ ಮುಖ್ಯವಾಗಿತ್ತು; ‘ವಿತ್‌ಸ್ಟ್ಯಾಂಡ್’ ಎಂದರೆ ಎದುರು ನಿಲ್ಲು. ಆದ್ದರಿಂದ ಆ ಷರತ್ತು ಹೇಳುತ್ತಿದ್ದುದು, ಈ ಪತ್ರದಲ್ಲಿ ಬೇರೆ ಏನೇ ಬರೆದಿದ್ದರೂ ಅದು ಇದಕ್ಕೆ ಎದುರು ನಿಲ್ಲುವುದಿಲ್ಲ ಎಂದು. ನಮ್ಮ ಕಾನೂನುಗಳ ಕನ್ನಡ ಪಠ್ಯದಲ್ಲಿ ‘ಏನೇ ಒಳಗೊಂಡಿದ್ದರೂ’ ಎಂದು ಬರುವುದು ಇದೇ. ಅದರ ಮುಂದೆ, ಒಂದು ತಿಂಗಳ ಬಾಡಿಗೆ ತಪ್ಪಿದರೂ ಮಳಿಗೆಯನ್ನು ‘ಫೋರ್ತ್‌ವಿತ್’, ಅಂದರೆ ಕೂಡಲೇ, ತೆರವು ಮಾಡಬೇಕು ಎಂದಿತ್ತು. 4ನೆಯ ಷರತ್ತಿನಲ್ಲಿ ಎರಡು ತಿಂಗಳ ಮುಂಗಡ ನೋಟೀಸಿನ ಮಾತಿದೆ, ಅದನ್ನೇ ನಂಬಿ ಅಣ್ಣ ಸಹಿ ಹಾಕಿದ್ದ. ಅವಳು ಪೆನ್ಸಿಲಿನಿಂದ 9ನೆಯ ಷರತ್ತಿನ ಪಕ್ಕದಲ್ಲಿ ‘ಏನೇ ಇದ್ದರೂ, ಕೂಡಲೇ’ ಎಂದು ಕನ್ನಡದಲ್ಲಿ ಬರೆದು, ಕರಾರು ನವೀಕರಿಸುವ ಮೊದಲು ಇದನ್ನು ಅಣ್ಣನಿಗೆ ಓದಿ ಹೇಳಬೇಕೆಂದು ಕಾಗದವನ್ನು ಮಡಿಚಿಕೊಂಡಳು.